ಕೆರೆಯಂಚಿನ ಜಾನುವಾರುಗಳಲ್ಲಿ ಹುಳುಬಾಧೆಯೂ ಒಸಡಿನ ರೋಗವೂ

ಹೊಟ್ಟೆತುಂಬ ಮೇವಿದ್ದರೂ ದನವು ದಿನೇ ದಿನೇ ಬಡವಾಗುತ್ತ ಹೋದರೆ ಮುಖ್ಯವಾಗಿ ಎರಡು ಕಾರಣಗಳನ್ನು ವಿಚಾರಿಸತಕ್ಕದ್ದು. ತಿಂದ ಮೇವಿನ ಸಾರವನ್ನೂ ಮೈಯ ರಕ್ತವನ್ನೂ ಒಳಗಿನ ಹುಳುಗಳು ಅಪಹರಿಸುತ್ತಿರಬಹುದು. ಇಲ್ಲವೆ ಬಾಯಿಯ ನೋವಿನಿಂದ ದನವು ಮೇವನ್ನು ಅಗಿಯಲಾರದೆ ಇರಬಹುದು. ಇವುಗಳಿಗೆ ಚಿಕಿತ್ಸೆ ಬೇರೆ ಬೇರೆ. ಒಂದರ ಔಷಧವನ್ನು ಇನ್ನೊಂದಕ್ಕೆ ಕುಡಿಸಿದರೆ ಹಣವೂ ಹೋಗುವುದು, ದನವೂ ಉಳಿಯದು. ಔಷಧಕ್ಕೆ ಹಣ ತೆರುವ ಮೊದಲು ದನದ ಒಸಡನ್ನೂ ಕಣ್ಣಿನ ರೆಪ್ಪೆಯ ಒಳಭಾಗವನ್ನೂ ನೋಡುವ ಅಭ್ಯಾಸವನ್ನು ರೈತರಲ್ಲಿ ಉಂಟುಮಾಡುವುದೇ ಈ ಕರಪತ್ರದ ಉದ್ದೇಶವು.

೧. ಕೆರೆಯಂಚಿನ ಹುಲ್ಲು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯು, ಅಂದರೆ ಶಾಂತಿಸಾಗರವು, ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಏರಿಯಿಂದ ಉಂಟಾದುದು. ಅದರ ಸುತ್ತಳತೆಯು ಸುಮಾರು ೪೦ ಮೈಲಿ ಎಂಬುದಾಗಿ ಹಿಂದಿನ ಮೈಸೂರು ಗೆಜೆಟಿಯರಿನಲ್ಲಿ ಹೇಳಿದೆ. ಇಷ್ಟು ವಿಸ್ತಾರವಾದ ಕೆರೆಗೆ ತೆಳುನೀರಿನ ಅಂಚೂ ಅಷ್ಟೇ ಉದ್ದ. ಬೇಸಗೆಯಲ್ಲಿ ನೀರು ಇಳಿದಾಗ ಬೇರೆಲ್ಲಿಯೂ ಕಾಣದ ಹಸಿರು ಇಂತಹ ಅಂಚಿನಲ್ಲಿ ಉಳಿದಿರುವುದು. ದನಕುರಿಗಳನ್ನು ಅಲ್ಲಿಗೆ ಹೊಡೆಯುವುದು ಸಹಜವೇ. ಆದರೆ ನಿಂತ ತೆಳುನೀರಿನಲ್ಲಿ ಬಸವನ ಹುಳುಗಳೂ ವೃದ್ಧಿಯಾಗುವುವು. ಅಪಾಯವಿರುವುದು ಇವುಗಳಿಂದಲೇ.

ಈಲಿಯಲ್ಲಿ ವಾಸಿಸುವ ಚಪ್ಪಟೆಯಾದ ಎಲೆಹುಳುವಿನ ಮೊಟ್ಟೆಗಳು ಸಗಣಿಯೊಡನೆ ಹೊರಬೀಳುವುವು. ನೀರು ಸಿಕ್ಕಿದರೆ ಮೊಟ್ಟೆ ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಮರಿಯು ಈಜಿಕೊಂಡು ಹೋಗಿ ಬಸವನ ಹುಳುವಿನ ದೇಹವನ್ನು ಹೊಗುವುದು. ಸುಮಾರು ಒಂದು ದಿವಸದೊಳಗೆ ಬಸವನ ಹುಳು ದೊರೆಯದಿದ್ದರೆ ಆ ಮರಿ ಸಾಯುವುದು. ದೊರೆತರೆ ಒಂದೇ ಮರಿಯಿಂದ ನೂರಾರು ಮರಿಗಳಾಗಿ, ಹೊರಬಂದು, ನೀರಂಚಿನ ಹುಲ್ಲಿಗೂ ಬತ್ತದ ಪೈರಿನ ಬುಡಕ್ಕೂ ಅಂಟಿಕೊಂಡು ಗಟ್ಟಿ ಸಿಪ್ಪೆಯೊಳಗೆ ಕುಳಿತಿರುವುವು. ದನವು ಆ ಹುಲ್ಲನ್ನು ಮೇಯ್ದ ಮೇಲೆ ಅವು ಕರುಳನ್ನು ಕೊರೆದು ಈಲಿಯನ್ನು ಸೇರಿ, ಸುಮಾರು ಮೂರು ತಿಂಗಳಲ್ಲಿಯೋ ಇನ್ನೂ ಸ್ವಲ್ಪ ತಡವಾಗಿಯೋ ಬಲಿತು ಮೊಟ್ಟೆಯಿಡುವುವು. ಈಲಿಯ ಎಲೆಹುಳುವಿಗೂ ಬಸವನ ಹುಳುವಿಗೂ ಇರುವ ಈ ಸಂಬಂಧವನ್ನು ಇಂಗ್ಲೆಂಡಿನಲ್ಲಿ ಥಾಮಸ್ ಎಂಬವರೂ ಜರ್ಮನಿಯಲ್ಲಿ ಲ್ಯೂಕಾರ್ಟ್ ಎಂಬವರೂ ೧೮೮೧-೮೩ರ ಅವಧಿಯಲ್ಲಿ ಬೇರೆ ಬೇರೆಯಾಗಿ ಪರಿಶೋಧಿಸಿ ತಿಳಿಸಿದರು.

ಕೆಲವು ಹುಳುಗಳಿಗೆ ಬಾಯಿಯ ದಾರಿಯೇ ಬೇಕಿಲ್ಲ. ದನಗಳ ಗೊರಕೆ ರೋಗವನ್ನು ತರುವ ಹುಳುವಿನ ಮರಿಯು, ದನವು ನೀರಿನಲ್ಲಿ ನಿಂತಿರುವಾಗ ಚರ್ಮವನ್ನೇ ತೂರಿ ಒಳಸೇರಿ, ಕೊನೆಗೆ ಮೂಗಿನ ರಕ್ತನಾಳಗಳಲ್ಲಿ ನೆಲಸುವುದು. ಈ ಹುಳುವನ್ನು ೧೯೩೩ರಲ್ಲಿ ಮದ್ರಾಸಿನ ಎಂ. ಅನಂತನಾರಾಯಣ ರಾವ್ ಅವರು ವರ್ಣಿಸಿದರು. ಇದಕ್ಕೂ ಬಸವನ ಹುಳುವೇ ಆಶ್ರಯವು.

೨. ಬಿಳಿಚಿದ ಒಸಡು

ಕೆರೆಯಿಂದ ದೂರವಿರುವ ಜಗಳೂರಿನಂತಹ ಒಣಸೀಮೆಯವರೂ ನಿಶ್ಚಿಂತರಾಗಿರಕೂಡದು. ಕುರಿಮೇಕೆಗಳ ನಾಲ್ಕನೆಯ ಹೊಟ್ಟೆಯಲ್ಲಿ ರಕ್ತ ಹೀರುವ ದಾರದಂತಹ ಹುಳುವಿಗೆ ಕೆರೆಯೂ ಬೇಡ, ಬಸವನ ಹುಳುವೂ ಬೇಡ. ಮಳೆ ಬಿದ್ದ ಮೇಲಿನ ಹುಲ್ಲಿನ ತೇವವೇ ಸಾಕು. ಒಂದು ಹುಳುವು ದಿನಕ್ಕೆ ಸುಮಾರು ೦.೦೫ ಮಿಲಿಲೀಟರು ರಕ್ತವನ್ನು ಕಳೆಯುವುದು. ಸಾವಿರ ಹುಳುಗಳಾದರೆ ೫೦ ಮಿಲಿಲೀಟರು. ೨೫ ಕಿಲೋಗ್ರಾಂ ತೂಕದ ಕುರಿಯಲ್ಲಿರುವ ಒಟ್ಟು ರಕ್ತವೇ ಸುಮಾರು ಒಂದೂವರೆ ಲೀಟರು. ಈ ಲೆಕ್ಕದಿಂದ ನಷ್ಟದ ಪ್ರಮಾಣವನ್ನು ಊಹಿಸಿಕೊಳ್ಳಬಹುದು.

ಇಂತಹ ಪ್ರಾಣಿಯ ಒಸಡೂ ರೆಪ್ಪೆಯ ಒಳಭಾಗವೂ ಕೆಂಪು ತಪ್ಪಿ ಬಿಳಿಚಿರುವುವು. ದವಡೆಯ ಕೆಳಗೆ ನೀರು ತುಂಬಿದ ಮೆತ್ತನೆಯ ಬಾವು ಬರುವುದೂ ಉಂಟು. ಎಮ್ಮೆಗಳಲ್ಲಿಯೂ ಕಪ್ಪು ದನಗಳಲ್ಲಿಯೂ ಒಸಡು ಸಹಜವಾಗಿ ಕಪ್ಪಾಗಿರುವುದರಿಂದ ರೆಪ್ಪೆಯನ್ನೇ ನೋಡತಕ್ಕದ್ದು. ದಕ್ಷಿಣ ಆಫ್ರಿಕದಲ್ಲಿ ರೆಪ್ಪೆಯ ಬಣ್ಣವನ್ನು ಐದು ದರ್ಜೆಗಳಾಗಿ ವಿಂಗಡಿಸಿದ ಪಟವನ್ನು ತಯಾರಿಸಿ, ಬಿಳಿಚಿದ ಕುರಿಗಳಿಗೆ ಮಾತ್ರ ಔಷಧ ಕೊಡುವ ಪದ್ಧತಿಯನ್ನು ಆಚರಣೆಗೆ ತಂದರು. ಹಿಂಡಿಗೆಲ್ಲ ಪದೇ ಪದೇ ಕುಡಿಸಿದರೆ ಹುಳುಗಳು ಔಷಧಕ್ಕೆ ಜಗ್ಗದಂತಾಗುವುದೇ ಇದಕ್ಕೆ ಕಾರಣವು. ಬಿಳಿಚಿದುದರ ಜೊತೆಗೆ ಜ್ವರವಿದ್ದರೆ ಅದು ಉಣ್ಣೆಗಳಿಂದ ಬರುವ ರೋಗವಾಗಿರಬಹುದು. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

೩. ಕೆಂಪಾಗಿ ನಾರುವ ಒಸಡು

ಹಲ್ಲುನೋವಿಗೆ ಹುಳುವೇ ಕಾರಣವೆಂಬ ನಂಬಿಕೆಯಿಂದಲೇ ನಮ್ಮ ಜನರು ‘ಹುಳುಕು ಹಲ್ಲು’ ಎನ್ನುವರು. ಪಂಡಿತರೂ ಒಮ್ಮೆ ಇದಕ್ಕೆ ಸಮೀಪವಾದ ಅಭಿಪ್ರಾಯವನ್ನು ತಾಳಿದ್ದರು. ೧೯೧೪-೧೫ರಲ್ಲಿ ಅಮೆರಿಕದ ಕೆಲವು ವೈದ್ಯರು ಮನುಷ್ಯರ ಕೀವುಗಟ್ಟಿದ ಒಸಡಿನಲ್ಲಿ ಅಮೀಬವೆಂಬ ಸೂಕ್ಷ್ಮಜೀವಿಯನ್ನು ಕಂಡು, ಅದೇ ರೋಗದ ಮೂಲವೆಂದು ಸಾರಿ, ಎಮೆಟಿನ್ ಔಷಧವನ್ನು ಕೊಟ್ಟರು. ಆ ಭರವಸೆ ನಿಲ್ಲಲಿಲ್ಲ. ಗಾಯದಲ್ಲಿ ಕಂಡ ಜೀವಿಯೇ ಗಾಯವನ್ನು ಮಾಡಿತೆಂದು ಹೇಳಲಾಗದು. ಒಸಡಿನ ರೋಗದಲ್ಲಿ ಮುಖ್ಯವಾಗಿ ಕೆಲಸಮಾಡುವುವು ಹಲ್ಲು ಒಸಡುಗಳ ಸಂದಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಗಳು. ಸಂದಿಯಲ್ಲಿ ಸಿಕ್ಕಿದ ಮೇವು ಕೊಳೆತು, ಒಸಡು ಕೆಂಪಾಗಿ ಸಡಿಲಿ, ಹಲ್ಲನ್ನು ಹಿಡಿದಿರುವ ಎಲುಬು ಕರಗಿ, ಹಲ್ಲು ಅಲ್ಲಾಡುವುದು. ಆದಕಾರಣ ಜಂತುಹುಳುವಿನ ಔಷಧವು ಇದನ್ನು ಗುಣಪಡಿಸಲಾರದು.

ಬಾಯಿಗೂಡಿದ ಕುರಿಯ ಕೆಳದವಡೆಯ ಮುಂಭಾಗದಲ್ಲಿ ಎಂಟು ಹಲ್ಲುಗಳಿರಬೇಕು. ಮೇಲೆ ಮುಂದಿನ ಹಲ್ಲುಗಳು ಹುಟ್ಟುವುದೇ ಇಲ್ಲ, ಅವಿಲ್ಲವೆಂದು ಹೆದರಬೇಕಾದುದಿಲ್ಲ. ಕೆಳಗಿನವು ಅಲ್ಲಾಡುತ್ತಿದ್ದರೆ ಅಥವಾ ಉದುರಿದ್ದರೆ ಆ ಕುರಿಯು ಮೋಟುಹುಲ್ಲನ್ನು ಕಚ್ಚಲಾರದು. ಅದಕ್ಕೆ ಮೆತ್ತನೆಯ ಮೇವನ್ನು ಕೊಡಬೇಕು, ಇಲ್ಲವೆ ಸೊರಗುವ ಮುನ್ನ ಮಾರಬೇಕು. ದನಗಳಲ್ಲಿ ಅಗಿದ ಮೇವಿನ ಉಂಡೆ ಬಾಯಿಂದ ಬೀಳುವುದು, ಕೆನ್ನೆಯ ಬಾವು, ಬಾಯಿಯ ದುರ್ವಾಸನೆ, ಸಗಣಿಯಲ್ಲಿ ಅರೆಯದ ಉದ್ದ ಕಡ್ಡಿಗಳು, ಇವು ದವಡೆಹಲ್ಲಿನ ನೋವಿನ ಗುರುತುಗಳು.

ಎಚ್ಚರಿಕೆ: ಜೊಲ್ಲು ಸುರಿಸುತ್ತ, ನುಂಗಲಾರದೆ, ವಿಪರೀತವಾಗಿ ವರ್ತಿಸುವ ಪ್ರಾಣಿಯ ಬಾಯಿಗೆ ಎಂದಿಗೂ ಕೈ ಹಾಕಕೂಡದು, ಅದು ಹುಚ್ಚುನಾಯಿ ಕಡಿತದಿಂದ ಬಂದ ರೋಗವಾಗಿರಬಹುದು. ಒಸಡಿನಲ್ಲಿಯೂ ಗೊರಸಿನ ಸಂದಿಯಲ್ಲಿಯೂ ಬೊಬ್ಬೆಗಳಿದ್ದರೆ ಅದನ್ನು ಕಾಲುಬಾಯಿ ರೋಗವೆಂದೇ ಶಂಕಿಸಿ, ದನವನ್ನು ಬೇರೆ ಕಟ್ಟಿ ಪಶು ಆಸ್ಪತ್ರೆಗೆ ತಿಳಿಸಬೇಕು.

೪. ಮಾಡತಕ್ಕ ಕೆಲಸಗಳು

(೧) ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಸಗಣಿಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು. ದುಂಡುಹುಳುವನ್ನು ಕೊಲ್ಲುವ ಐವರ್‌ಮೆಕ್ಟಿನ್ ಎಲೆಹುಳುವನ್ನು ಕೊಲ್ಲದು. ಎಲೆಹುಳುವಿಗೆ ಟ್ರೈಕ್ಲಾಬೆಂಡಜೋಲ್, ಆಕ್ಸಿಕ್ಲೋಜನೈಡ್ ಮುಂತಾದುವು ಬೇರೆ ಇವೆ. ಪ್ರಮಾಣವನ್ನೂ, ಎಷ್ಟು ದಿವಸ ಹಾಲನ್ನು ಬಳಸಕೂಡದೆಂಬುದನ್ನೂ ವೈದ್ಯರಿಂದ ಕೇಳಿ ತಿಳಿಯಬೇಕು.

(೨) ನೀರಂಚಿನ ಹಸಿಹುಲ್ಲನ್ನು ಕೊಯ್ದು ಹಾಗೆಯೇ ಹಾಕಕೂಡದು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ನೀರಿನಲ್ಲಿ ಮುಳುಗಿದ್ದ ಹುಲ್ಲಿನ ಬುಡವನ್ನು ಬಿಟ್ಟು ಮೇಲ್ಭಾಗವನ್ನು ಕೊಡುವುದು ಲೇಸು.

(೩) ಸಗಣಿಯನ್ನು ತಿಪ್ಪೆಯಲ್ಲಿ ಕಳಿಯಿಸಬೇಕು. ತಿಪ್ಪೆಯ ಕಾವಿನಿಂದ ಮೊಟ್ಟೆಗಳು ಸಾಯುವುವು. ಕೊಟ್ಟಿಗೆಯ ತೊಳೆದ ನೀರನ್ನು ಕಾಲುವೆಗೆ ಬಿಡಕೂಡದು.

(೪) ನೀರನ್ನು ತೊಟ್ಟಿಯಲ್ಲಿ ಕುಡಿಸಬೇಕು.

ಕಡೆಯದಾಗಿ ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ. ಒಬ್ಬ ರೈತನು ತನ್ನ ದನಗಳಿಗೆ ಔಷಧ ಕೊಟ್ಟು, ನೆರೆಯವನು ಕೊಡದಿದ್ದರೆ, ನೆರೆಯವನ ದನದ ಸಗಣಿಯಿಂದ ಅದೇ ಅಂಚಿನ ಹುಲ್ಲು ಮತ್ತೆ ಕೆಡುವುದು. ಕೆರೆಯು ಎಲ್ಲರದಾಗಿರುವಂತೆ ಈ ರೋಗವೂ ಎಲ್ಲರದು. ಆದುದರಿಂದ ಇಡೀ ಊರಿನ ದನಕುರಿಗಳನ್ನು ಒಂದೇ ದಿನ ಸೇರಿಸಿ, ಪರೀಕ್ಷೆ ಮಾಡಿಸಿ, ಔಷಧ ಹಾಕಿಸುವ ಏರ್ಪಾಡನ್ನು ಮುಖಂಡರು ಮಾಡಿದರೆ, ಬಡವನ ಒಂಟಿ ಎಮ್ಮೆಯೂ ಜಮೀನುದಾರನ ಹಿಂಡೂ ಒಟ್ಟಿಗೆ ಉಳಿಯುವುವು.