ಮುಖದ ಮೇಲೆ ಕೂದಲು: ಮದುವೆಯಾಗದ ಮಗಳಿಗೆ ಗರ್ಭನಿರೋಧಕ ಗುಳಿಗೆ ಏಕೆ?

"ಹುಡುಗಿಗೆ ಇನ್ನೂ ಲಗ್ನ ಆಗಿಲ್ಲ, ಮಕ್ಕಳಾಗದ ಗುಳಿಗೆ ಯಾಕ ಬರೆದೀರಿ?" ವೈದ್ಯರ ಚೀಟಿ ನೋಡಿದ ತಾಯಂದಿರು ಹೀಗೆ ಕೇಳುವುದು ಸಹಜ. ಈ ಗುಳಿಗೆಯನ್ನು ಇಲ್ಲಿ ಔಷಧಿಯಾಗಿ ಕೊಡಲಾಗುತ್ತದೆ.

ಕೂದಲು ಬರಲು ಕಾರಣವೇನು?
ಎಲ್ಲ ಹೆಣ್ಣುಮಕ್ಕಳ ದೇಹದಲ್ಲಿಯೂ ಸ್ವಲ್ಪ ಗಂಡು ಹಾರ್ಮೋನು ಇರುತ್ತದೆ. ಪಿ.ಸಿ.ಓ.ಎಸ್. ತೊಂದರೆಯಲ್ಲಿ ಅಂಡಾಶಯವು ಅದನ್ನು ಹೆಚ್ಚಾಗಿ ತಯಾರಿಸುತ್ತದೆ. ಆಗ ಗದ್ದ, ಮೇಲ್ದುಟಿ, ಎದೆ, ಹೊಟ್ಟೆಯ ಮೇಲೆ ದಪ್ಪ ಕೂದಲು ಬರುತ್ತದೆ. ಮುಟ್ಟು ತಿಂಗಳುಗಟ್ಟಲೆ ತಪ್ಪಬಹುದು. ಇದರಲ್ಲಿ ಹುಡುಗಿಯ ತಪ್ಪೇನೂ ಇಲ್ಲ.

ಗುಳಿಗೆ ಏನು ಮಾಡುತ್ತದೆ?
ಅಂಡಾಶಯದಲ್ಲಿ ಗಂಡು ಹಾರ್ಮೋನು ತಯಾರಾಗುವುದನ್ನು ತಗ್ಗಿಸುತ್ತದೆ. ರಕ್ತದಲ್ಲಿ ಅದನ್ನು ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಮುಟ್ಟೂ ಕ್ರಮಕ್ಕೆ ಬರುತ್ತದೆ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಇದೇ ಬಗೆಯದು: 28 ಗುಳಿಗೆಗಳಲ್ಲಿ 21 ಹಾರ್ಮೋನಿನವು, 7 ಕಬ್ಬಿಣಾಂಶದವು. 'ಛಾಯಾ' ಗುಳಿಗೆ ಬೇರೆ. ಅದು ಇದಕ್ಕೆ ಬದಲಿಯಲ್ಲ.

ಗುಣ ಯಾವಾಗ ಕಾಣುತ್ತದೆ?
ಕನಿಷ್ಠ 6 ತಿಂಗಳು ಬೇಕು. ಇರುವ ಕೂದಲು ಉದುರುವುದಿಲ್ಲ. ಹೊಸದು ನಿಧಾನವಾಗಿ, ತೆಳ್ಳಗೆ ಬರುತ್ತದೆ. ಎರಡೇ ತಿಂಗಳಿಗೆ "ಗುಣ ಇಲ್ಲ" ಎಂದು ಬಿಡಬೇಡಿರಿ. ಅಲ್ಲಿಯವರೆಗೆ ದಾರದಿಂದ ತೆಗೆಸಬಹುದು, ಬೋಳಿಸಲೂಬಹುದು. ಬೋಳಿಸಿದರೆ ಕೂದಲು ದಪ್ಪವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯೇ?
ಈ ಗುಳಿಗೆಯಿಂದ ಬಂಜೆತನ ಬರುವುದಿಲ್ಲ. ಪಿ.ಸಿ.ಓ.ಎಸ್.ನಿಂದ ಗರ್ಭ ನಿಲ್ಲುವುದು ತಡವಾಗಬಹುದು. ಅದಕ್ಕೂ ಚಿಕಿತ್ಸೆ ಇದೆ.

ವೈದ್ಯರಿಗೆ ಮೊದಲೇ ತಿಳಿಸಿರಿ
- ರಕ್ತದೊತ್ತಡ, ಯಕೃತ್ತಿನ ರೋಗ, ಸ್ತನದ ಕ್ಯಾನ್ಸರ್ ಇದ್ದರೆ
- ನಿಮಗೆ ಅಥವಾ ಮನೆತನದಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದರೆ
- ಕಣ್ಣಿಗೆ ಮಿಂಚು ಕಂಡು ಅರೆತಲೆನೋವು ಬರುತ್ತಿದ್ದರೆ
- ಗರ್ಭಿಣಿ ಅಥವಾ ಹಾಲೂಡಿಸುವ ತಾಯಿಯಾಗಿದ್ದರೆ
- ಕ್ಷಯ ಇಲ್ಲವೆ ಮೂರ್ಛೆರೋಗದ ಔಷಧಿ ನಡೆದಿದ್ದರೆ

ಆದ್ದರಿಂದ ನೆರೆಮನೆಯವರ ಗುಳಿಗೆಯನ್ನು ತಾವಾಗಿಯೇ ನುಂಗಬಾರದು. ಮೊದಲ ತಿಂಗಳುಗಳಲ್ಲಿ ವಾಕರಿಕೆ, ಅಲ್ಲಲ್ಲಿ ರಕ್ತದ ಕಲೆ ಕಂಡರೆ ಗಾಬರಿ ಬೇಡ. ಆದರೆ ಒಂದು ಕಾಲು ಬಾತು ನೋಯುವುದು, ಎದೆನೋವು, ಉಸಿರಾಟದ ತೊಂದರೆ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಗುಳಿಗೆ ನಿಲ್ಲಿಸಿ ಕೂಡಲೇ ಹತ್ತಿರದ ಆಸ್ಪತ್ರೆಗೆ ಬರಬೇಕು.

ಕೆಲವೇ ತಿಂಗಳಲ್ಲಿ ಕೂದಲು ಬಹಳ ಹೆಚ್ಚಿ ಧ್ವನಿ ಗಡಸಾದರೆ ಬೇರೆ ಕಾರಣವಿರಬಹುದು, ತಡಮಾಡದೆ ತೋರಿಸಿರಿ.

ನವಲಗುಂದವಾಗಲಿ, ಕುಂದಗೋಳವಾಗಲಿ, ದೂರದ ಊರಿನಿಂದ ಬರುವವರು ರಕ್ತದೊತ್ತಡವನ್ನು ತಮ್ಮೂರಿನ ಆರೋಗ್ಯ ಕೇಂದ್ರದಲ್ಲಿಯೇ ನೋಡಿಸಿ ಬರೆಯಿಸಿಕೊಂಡು ಬರಬಹುದು. ಮಗಳು ಸಂಕೋಚದಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಂತೆ ಮಾಡಬೇಡಿರಿ. ಜೊತೆಗೆ ಕರೆದುಕೊಂಡು ಬನ್ನಿರಿ.