ಇಂದಿನ ಧಮ್ಮಚಿಂತನೆ: ತಟ್ಟೆಯಲ್ಲಿನ ಮೊಟ್ಟೆ



ಬಿಸಿಯೂಟದ ಹೊತ್ತಿನಲ್ಲಿ ನಾಲ್ಕನೇ ತರಗತಿಯ ಹುಡುಗಿ ಕೇಳಿದಳು: "ಸಾ, ಈ ಮೊಟ್ಟೆ ಯಾರ್ ಕೊಡದು?"

ವಾರದಲ್ಲಿ ಎರಡು ದಿನದ್ದು ಸರ್ಕಾರ, ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಎಂದೆ. ಪ್ರೇಮ್‌ಜಿಯವರು ತಮ್ಮ ವಿಪ್ರೋ ಷೇರುಗಳ ಬಹುಪಾಲನ್ನು ಅದಕ್ಕೇ ಮುಡಿಪಿಟ್ಟಿದ್ದಾರೆ. 2024ರ ಒಪ್ಪಂದದಂತೆ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳ ಮೊಟ್ಟೆಗೆ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ.

"ಅವ್ರು ನಮ್ಮೂರ್ಗೆ ಬಂದಿದ್ರಾ?"

ಇಲ್ಲ ಎಂದೆ. ತಲೆಯಾಡಿಸಿ ಸಿಪ್ಪೆ ಸುಲಿಯತೊಡಗಿದಳು.

ನನಗೆ ಹಿಡಿಸಿದ್ದು ಅದೇ. ಯಾರಿಗೂ ಕೈಮುಗಿಯದೆ, ಎಲ್ಲರ ಸಾಲಿನಲ್ಲೇ ಕೂತು ತಿಂದಳು. ನಮ್ಮ ಅಜ್ಜಂದಿರು ಎತ್ತರದಿಂದ ಬೊಗಸೆಗೆ ನೀರು ಹುಯ್ಯಿಸಿಕೊಂಡವರು. ಅದನ್ನೂ ಊರು ದಾನ, ಪುಣ್ಯ ಎಂದೇ ಕರೆಯುತ್ತಿತ್ತು. ದಾನ ಪಾರಮಿತೆಯೆಂದರೆ ಏನನ್ನೂ ಮರಳಿ ಬಯಸದೆ ಕೊಡುವುದು ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ವಿವರಿಸಿದ್ದಾರೆ. ನಮಸ್ಕಾರವನ್ನೂ ಬಯಸಬಾರದು ಅಂತಲೇ ನಾನು ಓದಿಕೊಳ್ಳುತ್ತೇನೆ.

ಆದರೆ ಬಿಸಿಯೂಟ 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ದಕ್ಕಿದ ಹಕ್ಕು. ಈ ನಾಲ್ಕು ಮೊಟ್ಟೆ ಅವಧಿಯಿರುವ ಒಪ್ಪಂದ. ಸಂತೆಬಾಚಹಳ್ಳಿ ಕಡೆಯ ತಾಯಂದಿರು ಎಸ್‌ಡಿಎಂಸಿ ಸಭೆಗೆ ಬಂದಾಗ ಕೇಳಿ: ಒಪ್ಪಂದ ಮುಗಿದ ಮೇಲೆ ಆರೂ ದಿನದ ಮೊಟ್ಟೆ ಸರ್ಕಾರದ ಲೆಕ್ಕಕ್ಕೆ ಬರುತ್ತದೆಯೇ?