ಸಿಸ್ಟರ್‌ಗಳಿಗೆ ಸಂಘ ಯಾಕೆ ಬೇಕು

ಬೆಂಗಳೂರಿನ ಚಿಕ್ಕಬಾಣಾವರ, ಹೆಸರಘಟ್ಟ ರಸ್ತೆ ಕಡೆಯ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ, ಈಶಾನ್ಯದಿಂದ, ನಮ್ಮ ಕಲ್ಯಾಣ ಕರ್ನಾಟಕದಿಂದ ಮಕ್ಕಳು ಬರುತ್ತಾರೆ. ಪಾಸಾದ ಮೇಲೆ ಹಲವರು ನನ್ನ ವಾರ್ಡುಗಳಲ್ಲೇ ಕೆಲಸ ಕಲಿತರು. ನಾನು ಸ್ಟಾಫ್ ನರ್ಸ್ ಆಗಿ ಸೇರಿ, ವಾರ್ಡ್ ಇನ್‌ಚಾರ್ಜ್ ಆಗಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗುವ ತನಕ ಕಂಡುಕೊಂಡದ್ದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

1. ರೋಸ್ಟರ್ ಹಾಕುವವರು ರೋಗಿಗಳ ಲೆಕ್ಕವನ್ನೂ ಇಡಬೇಕು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು, ರಜೆಗೆಂದು ಶೇ. 30 ಹೆಚ್ಚುವರಿ ಸಿಬ್ಬಂದಿ: ಇದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ನೈಟ್ ಡ್ಯೂಟಿ ಮಾಡಿದವರಿಗೆಲ್ಲ ವಾಸ್ತವ ಗೊತ್ತು. ‘ಜನ ಸಾಲದು’ ಎಂದರೆ ಆಡಳಿತ ಮಂಡಳಿ ತಲೆಯಾಡಿಸಿ ಸುಮ್ಮನಾಗುತ್ತದೆ. ಯಾವ ರಾತ್ರಿ ಎಷ್ಟು ರೋಗಿಗಳಿದ್ದರು, ಎಷ್ಟು ಸಿಸ್ಟರ್‌ಗಳಿದ್ದರು, ಯಾವ ಇಂಜೆಕ್ಷನ್ ಎಷ್ಟು ತಡವಾಯಿತು ಎಂದು ತಾರೀಖು ಹಾಕಿ ಬರೆದಿಟ್ಟರೆ ಅದೇ ಮಂಡಳಿ ಓದಿ ನೋಡುತ್ತದೆ. ನನ್ನ ವಾರ್ಡಿಗೆ ಹೆಚ್ಚುವರಿ ಕೈಗಳು ಬಂದದ್ದು ಅಂಥ ಲೆಕ್ಕದಿಂದ.

2. ಪರಿಷತ್ತು ಬೇರೆ, ಸಂಘ ಬೇರೆ. 1961ರ ಕಾಯ್ದೆಯಡಿ ಬಂದ ರಾಜ್ಯ ನರ್ಸಿಂಗ್ ಪರಿಷತ್ತು ನಿಮ್ಮ ಹೆಸರು ನೋಂದಾಯಿಸುತ್ತದೆ. ಅದು ಇರುವುದು ರೋಗಿಯ ರಕ್ಷಣೆಗೆ. ನಿಮ್ಮ ಸಂಬಳ, ಪಾಳಿ, ಸುರಕ್ಷತೆಯ ಬಗ್ಗೆ ಮಾತಾಡಬೇಕಾದದ್ದು ಸಂಘ.

3. ಹಿರಿಯರಷ್ಟೇ ಸೇರಿದರೆ ಸಾಲದು. 1905ರಲ್ಲಿ ಲಖನೌದಲ್ಲಿ ಹುಟ್ಟಿದ್ದು ನರ್ಸಿಂಗ್ ಸೂಪರಿಂಟೆಂಡೆಂಟರ ಸಂಘ. ತರಬೇತಿ ಪಡೆದ ನರ್ಸ್‌ಗಳೆಲ್ಲರಿಗೂ ಒಂದು ಸಂಘ ಬೇಕೆಂಬುದು 1908ರ ಹೊತ್ತಿಗೆ ನಿಶ್ಚಯವಾಯಿತು. 1922ರಲ್ಲಿ ಎರಡೂ ಒಂದಾದವು. ಅದೇ ಇಂದಿನ ಭಾರತೀಯ ತರಬೇತಿ ಪಡೆದ ನರ್ಸ್‌ಗಳ ಸಂಘ, ಅಂದರೆ ಟಿಎನ್‌ಎಐ. 1929ರಲ್ಲಿ ವಿದ್ಯಾರ್ಥಿಗಳಿಗೂ ಘಟಕ ಬಂತು. ಸೂಪರಿಂಟೆಂಡೆಂಟ್ ಒಬ್ಬರೇ ಹೋಗಿ ಮಾತಾಡಿದರೆ ಅದು ಅವರ ಅಭಿಪ್ರಾಯವಾಗಿ ಉಳಿಯುತ್ತದೆ; ಹೊಸದಾಗಿ ಸೇರಿದ ಹುಡುಗಿಯೂ ಸಹಿ ಹಾಕಿದ ಮನವಿಗೆ ಉತ್ತರ ಕೊಡಬೇಕಾಗುತ್ತದೆ.

4. ಸಂಬಳದ ವಿಷಯ ಮಾತಾಡಲು ನಾಚಬೇಡಿ. ಸೇವೆ ಮಾಡುವವರು ದುಡ್ಡಿನ ಮಾತೆತ್ತಬಾರದು ಎಂಬುದನ್ನು ನಮ್ಮ ತಲೆಗೆ ತುಂಬಿದ್ದಾರೆ. ಅದರಿಂದ ಲಾಭ ಆದದ್ದು ನಮಗಲ್ಲ, ರೋಗಿಗೂ ಅಲ್ಲ. ಟಿಎನ್‌ಎಐ ಸುಪ್ರೀಂ ಕೋರ್ಟಿಗೆ ಹೋದ ಕಾರಣಕ್ಕೇ 2016ರ ಜನವರಿ 29ರಂದು ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನ ಪರಿಶೀಲಿಸಲು ಸಮಿತಿ ರಚಿಸುವಂತೆ ಆದೇಶ ಬಂತು. ಸಮಿತಿ ಹೇಳಿದ್ದು ಸ್ಪಷ್ಟ: 200ಕ್ಕೂ ಹೆಚ್ಚು ಹಾಸಿಗೆಯಿದ್ದರೆ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ವೇತನ, 100ಕ್ಕೂ ಹೆಚ್ಚಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು, 50ರಿಂದ 100ರವರೆಗೆ ಶೇ. 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು, 50ಕ್ಕಿಂತ ಕಡಿಮೆ ಹಾಸಿಗೆಯ ನರ್ಸಿಂಗ್ ಹೋಮಿನಲ್ಲೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ. ಇದನ್ನು ಜಾರಿ ಮಾಡುವ ಹೊಣೆ ರಾಜ್ಯಗಳದು. ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡೇ ಇಂಟರ್‌ವ್ಯೂಗೆ ಹೋಗಿ. ಮೂಲ ಅಂಕಪಟ್ಟಿಯನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತೇವೆಂದರೆ ಕೊಡಬೇಡಿ, ಝೆರಾಕ್ಸ್ ಸಾಕು.

5. ಸಭೆಯ ಸಮಯ ನೋಡಿಕೊಳ್ಳಿ. ನರ್ಸ್‌ಗಳ ದಿನವಾದ ಮೇ 12ಕ್ಕೆ ಶಾಲು, ಹಾರ, ಫೋಟೋ ಎಲ್ಲ ಆಗುತ್ತದೆ. ಆ ಹೊತ್ತಿಗೆ ವಾರ್ಡಿನಲ್ಲಿ ಡ್ರಿಪ್ ಬದಲಿಸುತ್ತಿರುವವರಿಗೆ ಆ ಸಭೆ ತಲುಪುವುದೇ ಇಲ್ಲ. ಪಾಳಿ ಬದಲಾಗುವ ಮಧ್ಯಾಹ್ನ, ಆಸ್ಪತ್ರೆಯ ಹತ್ತಿರದಲ್ಲೇ, ಅರ್ಧ ಗಂಟೆ ಸಭೆ ಕರೆಯಿರಿ. ಸಭೆಯಲ್ಲಿ ಮೊದಲು ಹೊಸ ಕಾಯ್ದೆಯ ವಿಷಯ ಬರಲಿ: 1947ರ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಅಂಗೀಕಾರವಾಗಿದೆ. ಅದರಿಂದ ನೋಂದಣಿಯಲ್ಲಿ ಏನು ಬದಲಾಗುತ್ತದೆಂದು ಅಲ್ಲಿ ವಿವರಿಸಿ. ಆಮೇಲೆ ನೈಟ್ ಡ್ಯೂಟಿಯ ಲೆಕ್ಕದ ಪುಸ್ತಕ ತೆಗೆದು ಎಲ್ಲರ ಮುಂದೆ ಓದಿ.